ಬಾಣಲೆಯ ಅಂಚಿಗೆ ಎರಡು ಪೆಟ್ಟು

ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಊಟ ಒಲೆಯ ಮೇಲಿರುತ್ತಿದ್ದದ್ದು ತಟ್ಟೆಗೆ ಮೂರು ನಿಮಿಷ. ಅದಕ್ಕೆ ಮುಂಚಿನ ಹೆಚ್ಚುವ ಕೆಲಸ ಮಾತ್ರ ಬೆಳಗಿನ ಹೊತ್ತನ್ನೆಲ್ಲ ತಿಂದುಬಿಡುತ್ತಿತ್ತು.

ಮನೆಯ ಯಜಮಾನ ಅಡುಗೆಯವನು. ಕಚೇರಿಗಳ ಬೀದಿಯ ಒಂದು ನೂಡಲ್ಸ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದೊಡ್ಡ ಉರಿಯ ಮುಂದೆ ನಿಂತು, ಚೀನೀಯರ ರೀತಿಯಲ್ಲಿ ನೂಡಲ್ಸ್ ಹುರಿದವನು. ಭಾನುವಾರ ಕಚೇರಿಗಳಿಗೆ ರಜ, ಅಂಗಡಿಗೂ ರಜ. ಆರು ದಿನ ಊರವರಿಗೆ ಹುರಿದು ಹಾಕಿದ ಕೈ ಏಳನೆಯ ದಿನವಾದರೂ ಸುಮ್ಮನಿರಬಾರದೇ? ಇರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ತಂಗಿ, ತಾನು, ಮೂರೇ ಜನ. ತಂಗಿಗೆ ಸಕ್ಕರೆ ಕಾಯಿಲೆ. ಎಣ್ಣೆ ಕಡಿಮೆ, ಉಪ್ಪು ಕಡಿಮೆ, ತರಕಾರಿ ಜಾಸ್ತಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತನ್ನು ಅವನು ದೇವರ ಅಪ್ಪಣೆಯ ಹಾಗೆ ತಲೆಯ ಮೇಲಿಟ್ಟುಕೊಂಡು, ಅಂಗಡಿಯ ಅಡುಗೆಯನ್ನೇ ಮನೆಗೆ ಹೊಂದಿಸಿಕೊಂಡಿದ್ದ. ಒಂದು ಹಿಡಿ ನೂಡಲ್ಸ್‌ಗೆ ಮೂರು ಹಿಡಿ ತರಕಾರಿ. ಒಂದೇ ಚಮಚ ಎಣ್ಣೆ. ಉಪ್ಪಿನ ಡಬ್ಬಿಯ ಮುಚ್ಚಳ ತೆರೆಯುವ ಹಾಗೇ ಇಲ್ಲ, ನಾಲ್ಕು ಹನಿ ಸೋಯಾ ಸಾಸಿನಲ್ಲಿರುವ ಉಪ್ಪೇ ಸಾಕು.

ಅವನದೊಂದು ಹಟವಿತ್ತು. ಮೂವರ ಪಾಲನ್ನೂ ಒಟ್ಟಿಗೆ ಬಾಣಲೆಗೆ ಹಾಕುತ್ತಿರಲಿಲ್ಲ. ಹಾಕಿದರೆ ಕಬ್ಬಿಣದ ಕಾವು ಇಳಿಯುತ್ತದೆ, ತರಕಾರಿ ನೀರು ಬಿಡುತ್ತದೆ, ಹುರಿಯಬೇಕಾದ್ದು ಬೇಯುತ್ತದೆ ಎನ್ನುವುದು ಅವನ ವಾದ. ಒಂದು ಸಲಕ್ಕೆ ಒಂದೇ ತಟ್ಟೆ. ಅದು ತಯಾರಾದ ಕೂಡಲೇ ಸಟ್ಟುಗದಿಂದ ಬಾಣಲೆಯ ಅಂಚಿಗೆ ಎರಡು ಪೆಟ್ಟು. ಟಣ್. ಒಂದು ಉಸಿರು ಬಿಟ್ಟು ಮತ್ತೆ ಟಣ್. ಅಂಗಡಿಯಲ್ಲಿ ಬಡಿಸುವವರನ್ನು ಕರೆದೂ ಕರೆದೂ ಕೈಗೆ ಹತ್ತಿದ ಅಭ್ಯಾಸ. ಮೊದಲನೆಯ ತಟ್ಟೆ ತಂಗಿಗೆ, ಎರಡನೆಯದು ಹೆಂಡತಿಗೆ, ಮೂರನೆಯದು ತನಗೆ. ತನ್ನ ತಟ್ಟೆ ಆದಾಗಲೂ ತಪ್ಪದೆ ಎರಡು ಪೆಟ್ಟು ಹೊಡೆಯುತ್ತಿದ್ದ. ಇನ್ಯಾರನ್ನ ಕರೀತಿದ್ದೀರಿ ಎಂದು ಹೆಂಡತಿ ನಕ್ಕರೆ, ನನ್ನನ್ನ ನಾನೇ ಕರೀದಿದ್ರೆ ಇನ್ಯಾರು ಕರೀತಾರೆ ಎನ್ನುತ್ತಿದ್ದ.

ಅವನು ತೀರಿಕೊಂಡು ಹತ್ತು ತಿಂಗಳಾಗಿತ್ತು. ಒಂದು ಗುರುವಾರ, ಅಂಗಡಿಯ ಹಿಂಬಾಗಿಲಲ್ಲಿ, ಎಲೆಕೋಸಿನ ಮೂಟೆಗಳ ಪಕ್ಕ ಕೂತವನು ಏಳಲಿಲ್ಲ. ದೇವರು ಕರೆದಿರಬೇಕು. ಯಾರು ಕರೆದರೂ ಎರಡನೆಯ ಸಲ ಕರೆಸಿಕೊಳ್ಳುವ ಮನುಷ್ಯನಲ್ಲ ಅವನು.

ಉಳಿದವರು ಇಬ್ಬರು. ತಂಗಿಯನ್ನು ಎಲ್ಲರೂ ಹಲೋ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತಿಗೆಲ್ಲ ತಂತಿ ಸೇರಿಸಿದವಳು. ಅಣ್ಣನೇ ಇಟ್ಟ ಹೆಸರು ಅದು. ಕಾಯಿಲೆ ಕಣ್ಣಿಗೆ ಇಳಿದು, ಈಗ ಅವಳಿಗೆ ಮನುಷ್ಯರು ಮಸುಕು ಬಣ್ಣದ ಆಕಾರಗಳಾಗಿ ಮಾತ್ರ ಕಾಣುತ್ತಿದ್ದರು. ಕಿವಿ ಮೊದಲಿಗಿಂತಲೂ ಚುರುಕಾಗಿತ್ತು. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿಯೇ ಯಾರ ಚಪ್ಪಲಿಯ ಹಿಮ್ಮಡಿ ಸವೆದಿದೆ ಎಂದು ಹೇಳುತ್ತಿದ್ದಳು. ಅಣ್ಣನ ಹೆಂಡತಿ ಅವಳಿಗೆ ಅತ್ತಿಗೆ. ನಾವೂ ಹಾಗೇ ಕರೆಯೋಣ. ಅತ್ತಿಗೆ ಗ್ರಂಥಾಲಯದಲ್ಲಿ ಹರಿದ ಪುಸ್ತಕ ಹೊಲಿದು ರಟ್ಟು ಕಟ್ಟುವವಳು. ವಯಸ್ಸು ನಲವತ್ತೆಂಟು, ಹಲೋಗಿಂತ ಎರಡು ವರ್ಷ ಚಿಕ್ಕವಳು. ಆದರೂ ಹಲೋ ಅವಳಿಗೆ ಒಂದು ದಿನವೂ ‘ನೀವು’ ಬಿಟ್ಟು ಮಾತಾಡಿದವಳಲ್ಲ. ಜಗಳವಾಡುವಾಗಂತೂ ಆ ‘ನೀವು’ ಇನ್ನಷ್ಟು ಉದ್ದವಾಗುತ್ತಿತ್ತು.

ಮನೆ ಮೂರನೆಯ ಮಹಡಿಯಲ್ಲಿ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು: ಮುಂದೆ ಊಟದ ಮೇಜಿರುವ ಕೋಣೆ, ನಡುವೆ ಇಬ್ಬರು ನಿಂತರೆ ಮೊಣಕೈ ತಾಗುವಷ್ಟು ಇಕ್ಕಟ್ಟಾದ ಅಡುಗೆಮನೆ, ಹಿಂದೆ ನಲ್ಲಿಯಿರುವ ಬಾಲ್ಕನಿ. ಮಲಗುವ ಕೋಣೆ ಪಕ್ಕಕ್ಕೆ. ಮುಂದಿನ ಕೋಣೆಯಲ್ಲಿ ಕೂತವರಿಗೆ ಬಾಲ್ಕನಿ ಕಾಣುವುದಿಲ್ಲ, ಬಾಲ್ಕನಿಯಲ್ಲಿ ನಿಂತವರಿಗೆ ಅಡುಗೆಮನೆಯ ಒಲೆ ಕಾಣುವುದಿಲ್ಲ. ಈ ಕತೆ ನಡೆಯುವುದೆಲ್ಲ ಈ ಮೂರು ಜಾಗಗಳಲ್ಲೇ.

ಅವನು ಹೋದ ಒಂದು ತಿಂಗಳ ಮೇಲೆ ಅತ್ತಿಗೆ ಆ ಬಾಣಲೆಯನ್ನು ಮೊದಲ ಬಾರಿಗೆ ಒಲೆಗಿಟ್ಟಳು. ಹಲೋ ಊಟ ಬಿಟ್ಟು ಸೊರಗುತ್ತಿದ್ದಳು, ಅದಕ್ಕೆ. ಗಂಡ ಮಾಡುತ್ತಿದ್ದುದನ್ನು ಇಪ್ಪತ್ತು ವರ್ಷ ಬಾಗಿಲಿಗೆ ಒರಗಿ ನೋಡಿದ್ದವಳು; ಕೈಗೆ ಗೊತ್ತಿಲ್ಲದಿದ್ದರೂ ಕಣ್ಣಿಗೆ ಗೊತ್ತಿತ್ತು. ಗಜ್ಜರಿ, ಬೀನ್ಸ್, ಎಲೆಕೋಸು, ದೊಣ್ಣೆ ಮೆಣಸಿನಕಾಯಿ ಎಲ್ಲವನ್ನೂ ರಟ್ಟಿನ ಪಟ್ಟಿ ಕತ್ತರಿಸುವ ಹಾಗೆ ಒಂದೇ ಅಳತೆಗೆ ಹೆಚ್ಚಿದಳು. ನೂಡಲ್ಸನ್ನು ನಡುವೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಬಸಿದು, ತಣ್ಣೀರು ಹಾಯಿಸಿ, ತಟ್ಟೆಯ ಮೇಲೆ ಹರಡಿದಳು. ಹಲೋಗೆ ಮೊದಲನೆಯ ತಟ್ಟೆ ಕೊಟ್ಟಳು, ತನ್ನದನ್ನು ಹುರಿದುಕೊಂಡಳು, ಒಲೆ ಆರಿಸಿದಳು. ಕೈ ಎಣ್ಣೆಯಾಗಿತ್ತು ಎಂದು ಬಾಲ್ಕನಿಗೆ ಹೋಗಿ ನಲ್ಲಿ ತಿರುಗಿಸಿದಳು.

ಆಗ ಒಳಗಿನಿಂದ ಟಣ್ ಎಂದಿತು. ಒಂದು ಉಸಿರು ಬಿಟ್ಟು ಮತ್ತೆ ಟಣ್.

ನೀರು ಕೈಯ ಮೇಲೆ ಸುರಿಯುತ್ತಲೇ ಇತ್ತು. ಅವಳು ನಲ್ಲಿ ನಿಲ್ಲಿಸಿ, ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಅಡುಗೆಮನೆಯಲ್ಲಿ ಹಲೋ ಖಾಲಿ ತಟ್ಟೆ ಹಿಡಿದುಕೊಂಡು ಬಾಣಲೆಯ ಪಕ್ಕ ನಿಂತಿದ್ದಳು. ಮುಖದಲ್ಲಿ ಎಂಥದೋ ಸಮಾಧಾನ, ಕೆನ್ನೆಯ ಮೇಲೆ ನೀರು. ಅರ್ಥವಾಯಿತು ಅಂದುಕೊಂಡಳು ಅತ್ತಿಗೆ: ಅಣ್ಣನ ನೆನಪು ತಡೆಯಲಾರದೆ ತಂಗಿ ಬಾಣಲೆ ಬಡಿದಿದ್ದಾಳೆ. ಕೇಳಬಾರದು. ಅಂಥದ್ದನ್ನು ಕೇಳಿ ಒಬ್ಬರನ್ನು ನಾಚಿಸಬಾರದು.

ಪುಸ್ತಕ ಹೊಲಿಯುವವರಲ್ಲಿ ಒಂದು ಶಿಸ್ತಿದೆ. ಕೈಗೆ ಬಂದ ಪುಸ್ತಕವನ್ನು ಓದಕೂಡದು. ಒಂದು ಸಾಲು ಓದಿದರೆ ಮುಂದಿನ ಸಾಲು ಎಳೆಯುತ್ತದೆ, ಸಂಜೆಯಾದರೂ ಸೂಜಿ ಎದ್ದಿರುವುದಿಲ್ಲ. ಹಾಳೆಗಳ ಅಂಚು ನೋಡಬೇಕು, ಒಳಗಿನದು ಒಳಗೇ ಇರಲಿ. ಅತ್ತಿಗೆ ಮನುಷ್ಯರ ಜೊತೆಗೂ ಹಾಗೇ ಬದುಕಿದವಳು. ಹಾಗಾಗಿ ತಿಂಗಳುಗಟ್ಟಲೆ, ಭಾನುವಾರದ ಮೇಲೆ ಭಾನುವಾರ, ಅವಳು ಬಾಲ್ಕನಿಯಲ್ಲಿ ಕೈ ತೊಳೆಯುವುದೂ ಆ ಎರಡು ಪೆಟ್ಟು ಕೇಳುವುದೂ ಒಳಗೆ ಬಂದರೆ ಹಲೋ ತಟ್ಟೆ ಹಿಡಿದು ನಿಂತಿರುವುದೂ ನಡೆಯುತ್ತಲೇ ಹೋಯಿತು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಎದುರುಗಡೆಯ ಟೈರ್ ಅಂಗಡಿಯವನು ಗಾಲಿ ಕುಟ್ಟುವ ಸದ್ದು, ಕೆಳಗಿನ ಮನೆಯ ಹೊಲಿಗೆ ಯಂತ್ರದ ಸದ್ದು, ಇವುಗಳ ನಡುವೆ ಆ ಎರಡು ಪೆಟ್ಟು ತನ್ನ ಜಾಗ ತಾನು ಮಾಡಿಕೊಂಡಿತು.

ಆಮೇಲೆ ಲೈನ್‌ಮ್ಯಾನ್ ಬಂದ.

ಅವನು ಹಲೋ ಜೊತೆ ಎಕ್ಸ್‌ಚೇಂಜಿನಲ್ಲಿದ್ದವನು. ಅವಳು ಒಳಗೆ ಕೂತು ತಂತಿ ಸೇರಿಸಿದರೆ ಅವನು ಹೊರಗೆ ಕಂಬ ಹತ್ತಿ ತಂತಿ ಎಳೆಯುತ್ತಿದ್ದ. ಹೆಂಡತಿ ಸತ್ತು ಆರು ವರ್ಷ. ಕಂಬದ ಮೇಲಿದ್ದಾಗ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವ ಮನುಷ್ಯ, ನೆಲಕ್ಕಿಳಿದರೆ ಬಾಯಿಗೆ ಬೀಗ. ಒಂದು ದಿನ ಇವರ ಮನೆಯ ಕರೆಗಂಟೆ ಸರಿಮಾಡಲು ಬಂದವನು ಅದನ್ನು ಸರಿಮಾಡಿದ ಮೇಲೂ ಮೂರು ಸಲ ಬಂದ. ನಾಲ್ಕನೆಯ ಸಲ ಹಲೋ ಅವನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಗಂಟೆ ಚೆನ್ನಾಗೇ ಸದ್ದು ಮಾಡ್ತಿದೆ, ಸದ್ದು ಮಾಡದೇ ಇರೋದು ನಿನ್ನ ಬಾಯೇ ಎಂದು ಛೇಡಿಸಿ ವಿಷಯ ಹೊರಡಿಸಿದಳು. ಅತ್ತಿಗೆಯ ಮುಂದೆ ಪ್ರಸ್ತಾಪ ಇಟ್ಟವಳೂ ಅವಳೇ. ಒಳ್ಳೆಯವನು, ಕುಡಿಯೋದಿಲ್ಲ, ಜಗಳ ಆಡೋಣ ಅಂದ್ರೂ ಮಾತೇ ಬರೋದಿಲ್ಲ, ಇನ್ನೇನು ಬೇಕು ಎಂದಳು. ನನ್ನ ಚಿಂತೆ ಬಿಡಿ, ಕೆಳಗಿನ ಮನೆಯ ದರ್ಜಿಯಮ್ಮ ಕೂಗಿದರೆ ಓ ಅಂತಾಳೆ ಎಂದಳು.

ಲೈನ್‌ಮ್ಯಾನ್‌ಗೆ ವರ್ಗವಾಗಿತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರ. ಅಲ್ಲಿಂದಲೇ ಅತ್ತಿಗೆ ಗ್ರಂಥಾಲಯಕ್ಕೆ ಬಂದು ಹೋಗಬಹುದು. ಸಂಸಾರವಿದ್ದರೆ ಮನೆ ಕೊಡುತ್ತಾರೆ, ಒಂಟಿಯಾದರೆ ಹಾಸ್ಟೆಲಿನ ಒಂದು ಕೋಣೆ. ಎರಡರಲ್ಲಿ ಯಾವುದು ಎಂದು ಅವನು ಸೋಮವಾರ ಆಫೀಸಿನಲ್ಲಿ ಹೇಳಬೇಕು. ಭಾನುವಾರ ಒಂದು ಗಂಟೆಗೆ ಬರುತ್ತೇನೆ, ಹೂಂ ಅಥವಾ ಊಹೂಂ ಎಂದರೆ ಸಾಕು ಎಂದು ಹಲೋ ಮೂಲಕ ಹೇಳಿಕಳಿಸಿದ್ದ.

ಅತ್ತಿಗೆಗೆ ಅವನು ಬೇಡವಾಗಿರಲಿಲ್ಲ. ಅವನು ಬಂದುಹೋದ ದಿನ ಮೆಟ್ಟಿಲಲ್ಲಿ ಉಳಿಯುವ ತಂತಿಯ, ಗ್ರೀಸಿನ ವಾಸನೆಯನ್ನು ತಾನು ನಿಂತು ಮೂಸುತ್ತೇನೆ ಎಂಬುದು ಅವಳಿಗೆ ತಿಳಿದಿತ್ತು, ಯಾರಿಗೂ ಹೇಳಿರಲಿಲ್ಲ. ಆದರೆ ಪ್ರಸ್ತಾಪ ಬಂದ ಮೇಲೂ ಭಾನುವಾರದ ಪೆಟ್ಟು ನಿಲ್ಲಲಿಲ್ಲ. ಮೊದಲು ಅದು ದುಃಖದ ಸದ್ದಾಗಿತ್ತು, ಈಗ ಅವಳಿಗೆ ಬೇರೆಯಾಗಿ ಕೇಳತೊಡಗಿತು. ಬಾಯಲ್ಲಿ ಹೋಗಿ ಎನ್ನುವ ನಾದಿನಿ ಕೈಯಲ್ಲಿ ಹೋಗಬೇಡಿ ಎನ್ನುತ್ತಿದ್ದಾಳೆ. ಇದು ನನ್ನ ಅಣ್ಣನ ಮನೆ, ನೀವು ಅವನ ಹೆಂಡತಿ ಎಂದು ವಾರಕ್ಕೊಮ್ಮೆ ಕಬ್ಬಿಣದ ಮೇಲೆ ಬಡಿದು ನೆನಪಿಸುತ್ತಿದ್ದಾಳೆ. ಮತ್ತೆ ಅವಳನ್ನು ತಪ್ಪು ಎನ್ನುವುದಾದರೂ ಹೇಗೆ? ಕಣ್ಣು ಕಾಣದವಳು. ಬಿಟ್ಟು ಹೋದರೆ ಅವಳ ಪಾಲಿಗೆ ಉಳಿಯುವುದು ಸದ್ದುಗಳು ಮಾತ್ರ.

ಹೋದ ವಾರ ಅತ್ತಿಗೆ ಒಂದು ಕೆಲಸ ಮಾಡಿದಳು. ಒಲೆ ಆರಿಸಿದ ಮೇಲೆ ಸಟ್ಟುಗವನ್ನು ಬಾಣಲೆಯಲ್ಲಿ ಬಿಡದೆ, ಸೆರಗಿನಲ್ಲಿ ಮರೆಮಾಡಿ ಬಾಲ್ಕನಿಗೆ ಒಯ್ದಳು. ಅದನ್ನು ಕೈಯಲ್ಲಿ ಹಿಡಿದು, ನಲ್ಲಿ ತಿರುಗಿಸದೆ ಕಾದಳು. ಪಕ್ಕದ ಕಟ್ಟಡದ ಹಗ್ಗದ ಮೇಲೆ ಬಿಳಿ ಹೊದಿಕೆಯೊಂದು ಗಾಳಿ ಇಲ್ಲದೆ ನೇರವಾಗಿ ತೂಗುತ್ತಿತ್ತು. ಟಣ್. ಒಂದು ಉಸಿರು. ಟಣ್. ಕೈಯಲ್ಲಿದ್ದ ಸಟ್ಟುಗ ತಣ್ಣಗಿತ್ತು. ಒಳಗೆ ಬಂದರೆ ಹಲೋ ಅಲ್ಲೇ, ತಟ್ಟೆ ಹಿಡಿದು, ತಟ್ಟೆಯಲ್ಲಿ ಚಮಚ. ಚಮಚದಲ್ಲಿ ಬಡಿದಿದ್ದಾಳೆ ಎಂದು ಅತ್ತಿಗೆ ತೀರ್ಮಾನ ಮಾಡಿಕೊಂಡಳು. ಆ ರಾತ್ರಿಯೇ ಮನಸ್ಸಿನಲ್ಲಿ ಉತ್ತರವನ್ನೂ ಹೊಲಿದು ಮುಗಿಸಿದಳು: ಊಹೂಂ. ಇಷ್ಟು ಬೇಡುವವಳನ್ನು ಬಿಟ್ಟು ಹೋಗುವುದು ತನ್ನಿಂದಾಗದು.

ಲೈನ್‌ಮ್ಯಾನ್ ಬರಬೇಕಿದ್ದ ಭಾನುವಾರ ಬೆಳಗ್ಗೆಯಿಂದಲೇ ಹಲೋ ಗೆಲುವಾಗಿದ್ದಳು. ಬೆಳ್ಳುಳ್ಳಿ ಸುಲಿಯುತ್ತಾ, ಆ ಮನುಷ್ಯ ಬಂದಾಗ ಯಾವ ಸೀರೆ ಉಡುತ್ತೀರಿ ಎಂದು ಕೇಳಿದಳು. ಯಾವುದು ಉಟ್ಟರೂ ನಿನಗೆ ಕಾಣೋದಿಲ್ಲವಲ್ಲ ಎಂದಳು ಅತ್ತಿಗೆ. ನನಗೆ ಕಾಣದಿದ್ರೇನು, ಗಂಜಿ ಹಾಕಿದ ಸೀರೆ ಕೇಳಿಸ್ತದೆ, ಅದನ್ನೇ ಉಡಿ ಎಂದಳು ಹಲೋ. ಅತ್ತಿಗೆ ಮಾಸಿದ್ದನ್ನೇ ಉಟ್ಟಳು.

ಹನ್ನೆರಡೂಕಾಲಿಗೆ ಮೊದಲನೆಯ ತಟ್ಟೆಯಾಯಿತು. ಅದನ್ನು ಮುಂದಿನ ಕೋಣೆಯ ಮೇಜಿಗೆ ಒಯ್ದು ಕೊಟ್ಟಳು. ಎರಡನೆಯದನ್ನೂ ಹುರಿದು, ತಟ್ಟೆಗೆ ಬಗ್ಗಿಸಿ, ಒಲೆ ಆರಿಸಿದಳು. ಬಾಲ್ಕನಿಗೆ ಹೋಗಿ ಕೈಯೊಡ್ಡಿದಳು.

ಟಣ್.

ಎರಡನೆಯದನ್ನು ಕಾಯಲಿಲ್ಲ. ಕೈಯಿಂದ ನೀರು ಸುರಿಸಿಕೊಂಡೇ ಒಳಗೆ ನುಗ್ಗಿದಳು. ಅವಳು ಅಡುಗೆಮನೆಯ ಹೊಸ್ತಿಲಿಗೆ ಬರುವುದಕ್ಕೂ ಎರಡನೆಯ ಪೆಟ್ಟು ಬೀಳುವುದಕ್ಕೂ ಸರಿಹೋಯಿತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬಾಣಲೆ ಒಲೆಯ ಮೇಲಿತ್ತು, ಸಟ್ಟುಗ ಬಾಣಲೆಯೊಳಗೆ ಅಲ್ಲಾಡದೆ ಮಲಗಿತ್ತು. ಆಚೆಯ ಬಾಗಿಲಲ್ಲಿ, ಮುಂದಿನ ಕೋಣೆಯ ಕಡೆಯಿಂದ, ಗೋಡೆ ತಡವಿಕೊಂಡು ತಟ್ಟೆ ಹಿಡಿದು ಬರುತ್ತಿದ್ದ ಹಲೋ ಆಗಷ್ಟೇ ಕಾಣಿಸಿಕೊಂಡಳು.

ಕಣ್ಣಿಗೆ ಕಂಡದ್ದನ್ನು ಮನಸ್ಸು ಕೂಡಲೇ ಒಪ್ಪುವುದಿಲ್ಲ. ವಾರವಿಡೀ ಕಟ್ಟಿಟ್ಟ ಮಾತು ಬಾಯಿಂದ ಹೊರಟೇ ಹೋಯಿತು.

“ಸಾಕು ಮಾಡು ಹಲೋ. ಹೋಗು ಅಂತ ಬಾಯಲ್ಲಿ ಹೇಳ್ತೀಯ, ಹೋಗಬೇಡ ಅಂತ ಬಾಣಲೆ ಬಡೀತೀಯ. ನಾನು ಯಾವುದನ್ನ ನಂಬಲಿ?”

ಹಲೋ ನಿಂತಲ್ಲೇ ನಿಂತಳು.

“ಬಡಿಯೋದು ನೀವಲ್ವಾ ಅತ್ತಿಗೆ?”

“ನಾನು ಬಾಲ್ಕನೀಲಿ ಕೈ ತೊಳೀತಿದ್ದೆ. ಪ್ರತಿ ವಾರ ಅಲ್ಲೇ ಇರ್ತೀನಿ.”

“ನಾನು ಮೇಜಿನ ಹತ್ರ ಕೂತಿದ್ದೆ. ನೀವು ಕರೆದಿರಿ ಅಂತ ಎದ್ದು ಬಂದೆ. ಪ್ರತಿ ವಾರ ನೀವು ಕರೆದಿರಿ ಅಂತಾನೇ ಬರ್ತಿದ್ದೆ.”

ಕೆಳಗಿನ ಹೊಲಿಗೆ ಯಂತ್ರ ಒಂದು ಉದ್ದದ ಹೊಲಿಗೆ ಹಾಕಿ ನಿಂತಿತು. ಇಬ್ಬರೂ ಬಾಣಲೆಯ ಆ ಕಡೆಗೊಬ್ಬರು ಈ ಕಡೆಗೊಬ್ಬರು. ಅತ್ತಿಗೆ ಹೋದ ವಾರ ಸಟ್ಟುಗವನ್ನು ಬಾಲ್ಕನಿಗೆ ಒಯ್ದದ್ದನ್ನು ಹೇಳಿದಳು. ಹಲೋ ತಲೆ ವಾರೆ ಮಾಡಿ, ಹಳೆಯ ಕರೆಯೊಂದನ್ನು ಮತ್ತೆ ಕೇಳಿಸಿಕೊಳ್ಳುವವಳ ಹಾಗೆ ಯೋಚಿಸಿದಳು. ಹೋದ ವಾರವೂ ಬಿದ್ದದ್ದು ಸಟ್ಟುಗದ ಪೆಟ್ಟೇ ಎಂದಳು. ಚಮಚದ್ದಾದರೆ ತೆಳ್ಳಗಿರುತ್ತದೆ, ಕಬ್ಬಿಣ ಆರುವಾಗಿನ ಟಿಕ್ ಆದರೆ ಒಂದೇ ಸಲ ಬಂದು ಹೋಗುತ್ತದೆ, ತನ್ನ ಕಿವಿ ಅದರಲ್ಲಿ ಮೋಸ ಹೋಗುವುದಿಲ್ಲ.

ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು ಅತ್ತಿಗೆ ಕೇಳಿದ್ದಕ್ಕೆ ಅವಳು ಎಕ್ಸ್‌ಚೇಂಜಿನ ಮಾತು ಹೇಳಿದಳು. ಅಲ್ಲಿ ಮೊದಲ ದಿನ ಕಲಿಸುವುದೇ ಅದನ್ನು: ಇಬ್ಬರಿಗೆ ತಂತಿ ಸೇರಿಸಿದ ಮೇಲೆ ಕಿವಿ ತೆಗೆದುಬಿಡಬೇಕು. ಗಂಡ ಹೆಂಡತಿ ಮಾತಾಡುವಾಗ ನಡುವೆ ಕೂತು ಆಲಿಸಿದವಳ ಕೆಲಸ ಹೋಗುತ್ತದೆ, ಕೆಲಸ ಉಳಿದರೂ ಪಾಪ ಉಳಿಯುತ್ತದೆ. ಅತ್ತಿಗೆ ತನ್ನನ್ನು ಕರೆಯುವ ನೆಪದಲ್ಲಿ ವಾರಕ್ಕೊಮ್ಮೆ ಬಾಣಲೆಯ ಮೇಲೆ ಎರಡು ಪೆಟ್ಟು ಹೊಡೆದು ಸತ್ತ ಗಂಡನ ಜೊತೆ ಮಾತಾಡುತ್ತಾಳೆ ಎಂದು ಅವಳು ತಿಳಿದಿದ್ದಳು. ಅದರಲ್ಲಿ ತನಗೇನು ಕೆಲಸ? ಮದುವೆಯ ಪ್ರಸ್ತಾಪ ತಂದ ಮೇಲಂತೂ ಆ ಸದ್ದು ಕೇಳಿದಾಗಲೆಲ್ಲ, ಇವಳ ಮನಸ್ಸು ಇನ್ನೂ ಅಣ್ಣನನ್ನು ಬಿಟ್ಟಿಲ್ಲ, ನಾನು ಸುಮ್ಮನೆ ದಬ್ಬುತ್ತಿದ್ದೇನೆ ಎಂದು ಒಳಗೊಳಗೇ ಸೋಲುತ್ತಿದ್ದಳಂತೆ.

ಒಂಬತ್ತು ತಿಂಗಳು, ಹತ್ತಿರ ಹತ್ತಿರ ನಲವತ್ತು ಭಾನುವಾರ, ಒಂದೇ ಅಡುಗೆಮನೆಯ ಎರಡು ಬದಿಯಲ್ಲಿ ನಿಂತು ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ಅವರಿಬ್ಬರ ಮರ್ಯಾದೆಯ ನಡುವೆ ಮೂರನೆಯ ಒಬ್ಬ ಕರೆಯುತ್ತಲೇ ಇದ್ದ. ಕರೆದದ್ದು ಇಬ್ಬರಿಗೂ ಕೇಳಿತ್ತು, ಕರೆದವನು ಯಾರೆಂದು ಇಬ್ಬರೂ ಕೇಳಿರಲಿಲ್ಲ.

ಅತ್ತಿಗೆ ನೆಲದ ಮೇಲೆ, ತರಕಾರಿ ಬುಟ್ಟಿಯ ಪಕ್ಕ ಕೂತಳು. ಮೈಯೆಲ್ಲ ತಣ್ಣಗಾಗಿತ್ತು, ಬಾಣಲೆಯ ಕಾವು ಮಾತ್ರ ಮುಖಕ್ಕೆ ಬಡಿಯುತ್ತಿತ್ತು. ಅಲ್ಲಿಂದ ನೋಡಿದರೆ ಬಾಣಲೆಯ ಕಪ್ಪು ತಳ, ಅದರ ಕೆಳಗಿನ ಆರಿದ ಒಲೆ. ಒಲೆಯ ಮುಂದಿನ ನೆಲದಲ್ಲಿ ಎರಡು ಕಾಲಿನ ಅಗಲಕ್ಕೆ ಹಾಸುಗಲ್ಲು ನುಣುಪಾಗಿತ್ತು. ಅಲ್ಲಿ ಯಾರೋ ನಿಂತಿದ್ದಾರೆ ಎಂದು ಅವಳಿಗೆ ಅನಿಸಲಿಲ್ಲ. ಅಲ್ಲಿ ಯಾರೂ ನಿಲ್ಲದೆ ಜಾಗ ಬಿಟ್ಟಿದ್ದಾರೆ ಎಂದು ಅನಿಸಿತು. ಇಷ್ಟು ದಿನ ತಾನೂ ಅಡುಗೆ ಮಾಡುವಾಗ ಒಂದು ಗೇಣು ಪಕ್ಕಕ್ಕೇ ನಿಲ್ಲುತ್ತಿದ್ದೆನೆಂಬುದು ಆಗ ಹೊಳೆಯಿತು. ಅವಳು ದೇವರ ಹೆಸರು ಹೇಳಲು ಹೋದಳು. ಬಾಯಿ ಒಣಗಿ ಅರ್ಧಕ್ಕೇ ನಿಂತಿತು. ಅರ್ಧ ಕರೆದರೂ ಓಗೊಡುವವನು ದೇವರು, ಅಷ್ಟು ಸಾಕು.

“ಹಾಗಾದ್ರೆ ಅವರೇ,” ಎಂದಳು ಕೊನೆಗೆ. “ಹೋಗಬೇಡ ಅಂತಿದ್ದಾರೆ.”

ಹಲೋ ತಟ್ಟೆಯನ್ನು ತಡವಿ ಕಟ್ಟೆಯ ಮೇಲಿಟ್ಟಳು. ಅವಳ ಮಾತು ಸಾಫಾಗಿತ್ತು.

“ಅತ್ತಿಗೆ, ಅಣ್ಣ ಬದುಕಿರೋವರೆಗೂ ಆ ಬಾಣಲೆ ಬಡಿದು ಯಾರಿಗಾದ್ರೂ ಬೇಡ ಅಂದಿದ್ದುಂಟಾ? ಬಡಿದ್ರೆ ಒಂದೇ ಅರ್ಥ. ತಟ್ಟೆ ತಗೊಂಡು ಬನ್ನಿ, ಆರಿಹೋಗ್ತಿದೆ ಅಂತ.”

ಅವಳೇ ಸೇರಿಸಿದಳು. “ಬರೋದು ಯಾವಾಗ ನೋಡಿ. ನನ್ನ ತಟ್ಟೆ ಆದಾಗ ಬರೋದಿಲ್ಲ, ನಿಮ್ಮದಾದಾಗ ಬರೋದಿಲ್ಲ. ಎರಡೂ ಆದಮೇಲೆ ಬರ್ತದೆ. ಮೂರನೇದು ಇದೆ ಅಂತ ಕರೀತಿದ್ದಾನೆ. ನಾವು ಮಾಡೇ ಇಲ್ಲ.”

ಅತ್ತಿಗೆ ಕಟ್ಟೆಯ ಅಂಚು ಹಿಡಿದು ಎದ್ದಳು. ಎರಡು ತಟ್ಟೆಗೆ ಎಂದು ಹೆಚ್ಚಿದ ತರಕಾರಿ ಮುಗಿದಿತ್ತು. ಬುಟ್ಟಿಯಲ್ಲಿ ಒಂದು ಗಜ್ಜರಿ, ಕಾಲುಭಾಗ ಎಲೆಕೋಸು, ಸುಕ್ಕು ಬಿದ್ದ ಒಂದು ದೊಣ್ಣೆ ಮೆಣಸಿನಕಾಯಿ, ನಾಲ್ಕು ಬೀನ್ಸ್. ನೀರಿಗಿಟ್ಟು ಒಂದು ಹಿಡಿ ನೂಡಲ್ಸ್ ಹಾಕಿದಳು. ಹಲೋ ಕೇಳದೆಯೇ ಶುಂಠಿಯ ಸಿಪ್ಪೆಯನ್ನು ಉಗುರಿನಿಂದ ಕೆರೆಯಲು ಕೂತಳು. ಅತ್ತಿಗೆ ಹೆಚ್ಚಿದ ತುಂಡುಗಳು ಮೊದಲ ಸಲ ಒಂದರ ಹಾಗೆ ಒಂದಿರಲಿಲ್ಲ. ಬಾಣಲೆ ಮತ್ತೆ ಕಾದು, ತೆಳ್ಳನೆಯ ಹೊಗೆ ಎದ್ದು ನೇರವಾಗಿ ನಿಂತಿತು. ಅವಳು ಆ ನುಣುಪು ಕಲ್ಲಿನ ಮೇಲೆಯೇ ಕಾಲಿಟ್ಟು ನಿಂತಳು. ಒಂದು ಚಮಚ ಎಣ್ಣೆ ಅಂಚಿನಿಂದ ಇಳಿಯಿತು. ಶುಂಠಿ, ಬೆಳ್ಳುಳ್ಳಿ, ಗಜ್ಜರಿ, ಬೀನ್ಸ್, ಆಮೇಲೆ ಎಲೆಕೋಸು, ಮೆಣಸಿನಕಾಯಿ, ಕೊನೆಗೆ ನೂಡಲ್ಸ್. ಸಾಸನ್ನು ನಡುವೆ ಸುರಿಯದೆ ಬಿಸಿ ಅಂಚಿಗೆ ತಾಗಿಸಿ ಬಿಟ್ಟಾಗ ಅದು ಚುಂಯ್ ಎಂದು ಸುಟ್ಟ ಸಕ್ಕರೆಯಂಥ ಪರಿಮಳ ಎಬ್ಬಿಸಿತು. ಕಾಳುಮೆಣಸಿನ ಪುಡಿ, ಈರುಳ್ಳಿ ಸೊಪ್ಪು. ಮೂರು ನಿಮಿಷ. ಮನೆಯಲ್ಲಿ ಹತ್ತು ತಿಂಗಳಿಂದ ಇಲ್ಲದ ಒಂದು ವಾಸನೆ, ಮೂರನೆಯ ಸಲಕ್ಕೆ ಚೆನ್ನಾಗಿ ಕಾದ ಕಬ್ಬಿಣದ ವಾಸನೆ, ಮೂರೂ ಜಾಗಗಳನ್ನು ತುಂಬಿತು.

ಆಗಲೇ ಹಲೋ ತಲೆಯೆತ್ತಿದಳು. ಬಂದ, ಎಡಗಾಲಿನ ಹಿಮ್ಮಡಿ ಸವೆದಿದೆ, ಪಾಪ, ಇವತ್ತೂ ಹೊಸ ಚಪ್ಪಲಿ ಹಾಕಿಲ್ಲ ಎಂದಳು. ಕರೆಗಂಟೆ ಸದ್ದು ಮಾಡಿತು.

ಬಾಗಿಲು ತೆರೆಯುವುದು, ಕುರ್ಚಿ ಎಳೆಯುವುದು, ತಟ್ಟೆ ಬಡಿಸುವುದು, ಈ ಗಡಿಬಿಡಿಯಲ್ಲಿ ಬಾಣಲೆ ಮತ್ತೆ ಸದ್ದು ಮಾಡಿತೋ ಇಲ್ಲವೋ ಯಾರೂ ಕೇಳಿಸಿಕೊಳ್ಳಲಿಲ್ಲ.

ಲೈನ್‌ಮ್ಯಾನ್ ಮೇಜಿನ ತುದಿಯಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮುಂದೆ ಹೊಗೆಯಾಡುವ ತಟ್ಟೆ. ಊಟಕ್ಕೆ ಬಂದವನಲ್ಲ ಅವನು, ಒಂದು ಮಾತಿಗೆ ಬಂದವನು. ಅತ್ತಿಗೆಯ ಪಾಲು ಇನ್ನೂ ಮುಟ್ಟದೆ ಒಳಗೆ ಆರುತ್ತಿತ್ತು. ಅವನು ತಟ್ಟೆಯನ್ನೂ ಇಬ್ಬರ ಬಿಳುಚಿದ ಮುಖಗಳನ್ನೂ ನೋಡಿ, ಇದು ಯಾರದೋ ಪಾಲಿದ್ದ ಹಾಗಿದೆ ಎಂದು ಮೆಲ್ಲಗೆ ಹೇಳಿದ. ಹಲೋ ಬಾಯಿ ತೆರೆಯಲು ಹೋದಳು. ಅತ್ತಿಗೆ ಅವಳ ಭುಜ ಮುಟ್ಟಿ ತಡೆದಳು.

ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ನಲವತ್ತು ಭಾನುವಾರಗಳನ್ನೂ, ಸಟ್ಟುಗವನ್ನೂ, ಈಗ ಅರ್ಧ ಗಂಟೆಯ ಹಿಂದೆ ಗೊತ್ತಾದದ್ದನ್ನೂ. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಟೋಪಿಯ ಅಂಚಿನ ಹೊಲಿಗೆ ಬಿಟ್ಟಿದ್ದನ್ನು ನೋಡುತ್ತಿದ್ದಳು. ನಕ್ಕರೆ ನಗಲಿ, ಎದ್ದು ಹೋದರೆ ಹೋಗಲಿ. ಸುಳ್ಳಿನ ಮೇಲೆ ಹೂಂ ಎನ್ನಲಾರಳು, ಊಹೂಂ ಎಂದೂ ಅನ್ನಲಾರಳು.

“ಇದು ನನ್ನ ಯಜಮಾನರ ಪಾಲು,” ಎಂದು ಮುಗಿಸಿದಳು. “ಅವರು ಈ ಮನೇಲಿ ಇದ್ದಾರೆ. ನಾನು ಎಲ್ಲಿಗೆ ಹೋದ್ರೂ ಅಲ್ಲಿಗೂ ಬರ್ತಾರೋ ಏನೋ ಗೊತ್ತಿಲ್ಲ. ನಿಮಗೆ ತಿನ್ನೋಕೆ ಅಭ್ಯಂತರ ಇದ್ರೆ ಬೇಡ.”

ಲೈನ್‌ಮ್ಯಾನ್ ಟೋಪಿಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟ. ಎದುರಿನ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬಿಸಿ ನಿಲ್ಲಿಸಿದರು.

“ನಮ್ಮ ಮನೇಲೂ ಒಬ್ಬಳಿದ್ದಾಳೆ,” ಎಂದ ಅವನು. “ಆರು ವರ್ಷ ಆಯ್ತು. ಸಂಜೆ ನಾನು ಬಂದು ಬಾಗಿಲು ತೆಗೆದ್ರೆ ಒಳಗೆ ಬಳೆ ಸದ್ದು. ಹುಚ್ಚ ಅಂತಾರೆ ಅಂತ ಯಾರಿಗೂ ಹೇಳಿಲ್ಲ. ನಿಮ್ಮನ್ನ ಕೇಳೋದಕ್ಕೂ ಅದಕ್ಕೇ ಇಷ್ಟು ದಿನ ಹಿಡೀತು. ಅವಳನ್ನ ಬಿಟ್ಟು ಬಾ ಅಂದ್ರೆ ನಂಗೆ ಬರೋಕೆ ಆಗ್ತಿರಲಿಲ್ಲ.”

ಅಷ್ಟು ಮಾತನ್ನು ಅವನು ನೆಲದ ಮೇಲೆ ನಿಂತು ಯಾವತ್ತೂ ಆಡಿದವನಲ್ಲ. ಆಡಿ ಮುಗಿಸಿ, ಚಮಚ ತೆಗೆದುಕೊಂಡು, ತಟ್ಟೆಗೆ ಒಮ್ಮೆ ತಲೆ ಬಾಗಿಸಿ ತಿನ್ನತೊಡಗಿದ. ನಿಧಾನವಾಗಿ, ಒಂದು ಎಲೆಕೋಸಿನ ಚೂರನ್ನೂ ಪಕ್ಕಕ್ಕೆ ಸರಿಸದೆ ತಿಂದ. ಹಲೋ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಅವಳು ಕಿವಿ ತೆಗೆದುಬಿಟ್ಟಿದ್ದಾಳೆ ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು.

ಅತ್ತಿಗೆ ಒಳಗೆ ಹೋಗಿ ಆರಿದ ತನ್ನ ತಟ್ಟೆಯನ್ನು ತಂದು ಅವನ ಎದುರು ಕೂತಳು. ನಾಳೆ ಆಫೀಸಿನಲ್ಲಿ ಸಂಸಾರವಿದೆ ಎಂದು ಹೇಳಿ, ಮನೆಯನ್ನೇ ಕೇಳಿ ಎಂದಳು. ಭಾನುವಾರ ಮಾತ್ರ ನಾನು ಇಲ್ಲಿಗೆ ಬಂದೇ ಬರುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದಳು. ಬಾಯಿ ತುಂಬ ತುತ್ತಿದ್ದುದರಿಂದ ಅವನು ಬರೀ ಹೂಂ ಎಂದ. ಅಂದರೆ ಭಾನುವಾರಕ್ಕೆ ನಾಲ್ಕು ತಟ್ಟೆ, ನನ್ನದು ಮೊದಲನೇದೇ ಆಗಿರಬೇಕು ನೋಡಿ ಎಂದು ಕಿಟಕಿಯ ಕಡೆ ತಿರುಗಿಕೊಂಡೇ ಹಲೋ ಹೇಳಿದಳು. ಕೇಳಿಸಿಕೊಂಡದ್ದು ಬಯಲಾಯಿತೆಂದು ಆಮೇಲೆ ತುಟಿ ಕಚ್ಚಿಕೊಂಡಳು.

ಅತ್ತಿಗೆ ಎರಡು ತುತ್ತು ತಿಂದಳು. ಆರಿದ ನೂಡಲ್ಸ್ ಅಂಟಿಕೊಂಡಿತ್ತು. ಚಮಚ ಕೆಳಗಿಟ್ಟು ಅವನನ್ನು ಮೊದಲ ಸಲ ನೇರವಾಗಿ ನೋಡಿದಳು.

“ಅವರು ಏನು ಇಷ್ಟಪಟ್ಟು ತಿಂತಿದ್ರು?” ಎಂದು ಕೇಳಿದಳು. “ನಿಮ್ಮ ಮನೆಯವರು.”

ಆರು ವರ್ಷದಲ್ಲಿ ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಖಾಲಿ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಾ ಬಹಳ ಹೊತ್ತು ನೆನೆಸಿಕೊಂಡ. ಆಮೇಲೆ, ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗದೆ, ಅವಳು ಏನನ್ನು ತಿನ್ನುತ್ತಿರಲಿಲ್ಲ ಎಂಬುದರಿಂದ ಹೇಳತೊಡಗಿದ.